ಒಲೆಯ ಉರಿ ಮತ್ತು ಶ್ರಾವಕನ ಲೆಕ್ಕ

ಮುನಿಗಳು ಅಗ್ನಿಯನ್ನು ಹೊತ್ತಿಸುವುದಿಲ್ಲ, ಹೊತ್ತಿಸೆಂದು ಹೇಳುವುದಿಲ್ಲ, ಹೊತ್ತಿಸಿದವನನ್ನು ಅನುಮೋದಿಸುವುದೂ ಇಲ್ಲ. ಆದರೂ ಅವರ ಕರಪಾತ್ರೆಗೆ ಬೀಳುವ ತುತ್ತು ಯಾವನೋ ಒಬ್ಬ ಗೃಹಸ್ಥನ ಮನೆಯ ಒಲೆಯ ಮೇಲೆ ಬೆಂದದ್ದೇ ಆಗಿರುತ್ತದೆ. ಒರಳು, ಬೀಸುವ ಕಲ್ಲು, ಒಲೆ, ನೀರಿನ ಕೊಡ, ಕಸಬರಿಗೆ ಎಂಬ ಪಂಚಸೂನೆಗಳು ಗೃಹಸ್ಥನ ಬಾಳಿಗೆ ಅಂಟಿಕೊಂಡೇ ಬಂದಿರುವ ಐದು ವಧಾಸ್ಥಾನಗಳೆಂದು ಪ್ರಾಚೀನರು ಎಣಿಸಿದ್ದಾರೆ. ಈ ಐದರಲ್ಲಿ ನಾಲ್ಕರ ಹಿಂಸೆ ಕೈ ಆಡುವಷ್ಟು ಹೊತ್ತು ಮಾತ್ರ. ಒಲೆಯದು ಹಾಗಲ್ಲ. ಅದನ್ನು ಹೊತ್ತಿಸಿ ಪಕ್ಕಕ್ಕೆ ಹೋದರೂ ಅದು ಉರಿಯುತ್ತಲೇ ಇರುತ್ತದೆ. ಆದುದರಿಂದ ಶ್ರಾವಕನ ಯತ್ನಾಚಾರಕ್ಕೆ ಒಲೆಗಿಂತ ಕಠಿನವಾದ ಪರೀಕ್ಷೆ ಮನೆಯೊಳಗೆ ಬೇರೊಂದಿಲ್ಲ.

ಹಿಂಸೆಯು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ವಿಧ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಸರ್ವಥಾ ಬಿಡಬೇಕು. ಉಳಿದ ಮೂರು ಅವನಿಗೆ ಅಪರಿಹಾರ್ಯ. ಅಡಿಗೆಯ ಬೆಂಕಿ ಆರಂಭೀ ಹಿಂಸೆಗೆ ಸೇರಿದ್ದು. ಇಷ್ಟನ್ನು ಪಾಠಶಾಲೆಯ ಮಕ್ಕಳೂ ಹೇಳುತ್ತಾರೆ, ಮತ್ತು ನಮ್ಮಲ್ಲಿ ಬಹುಮಂದಿಯ ವಿಚಾರ ಇಲ್ಲಿಗೇ ನಿಂತುಬಿಡುತ್ತದೆ. ಅಪರಿಹಾರ್ಯವೆಂದ ಮೇಲೆ ಅದರ ಪ್ರಮಾಣವನ್ನು ಯಾರು ಕೇಳುತ್ತಾರೆ? ಅಂಗಡಿಗೆ ಬಾಡಿಗೆ ಅನಿವಾರ್ಯ ಖರ್ಚೆಂದು ಒಪ್ಪಿದ ವ್ಯಾಪಾರಿಯು ಬಾಡಿಗೆ ಎಷ್ಟೆಂದು ಕೇಳದೆ ಇರುವುದುಂಟೆ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವ್ರತವನ್ನು ವಿವರಿಸುವಾಗ ಈ ಪ್ರಶ್ನೆಯನ್ನು ಕೇಳದೆ ಬಿಟ್ಟಿಲ್ಲ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು, ಗಾಳಿಯನ್ನು ಬೀಸುವುದು, ಗಿಡಮರಗಳನ್ನು ಕತ್ತರಿಸುವುದು ಇವನ್ನು ಅವರು ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ವಿಚಾರಾರ್ಹವಾದ ಸಂಗತಿಯೆಂದರೆ, ಈ ಐದೂ ಒಂದೇ ಒಲೆಯ ಮುಂದೆ ಒಟ್ಟಿಗೆ ನಡೆಯಬಲ್ಲವು. ಅಡಿಗೆಗೆಂದೇ ಹೊತ್ತಿಸಿದ ಬೆಂಕಿಯಲ್ಲಿಯೂ ಅಡಿಗೆಗೆ ಸಲ್ಲದೆ ಉರಿದ ಭಾಗವು ಪ್ರಯೋಜನವಿಲ್ಲದ ಭಾಗವೇ. ಆ ಭಾಗ ಎಷ್ಟು?

ಅದು ಅಲ್ಪವೆಂದು ಭಾವಿಸಿದರೆ ತಪ್ಪಾದೀತು. ಮೂರು ಕಲ್ಲಿನ ಒಲೆಯಲ್ಲಿಯೂ ಹಳೆಯ ಮಾದರಿಯ ಮಣ್ಣಿನ ಒಲೆಯಲ್ಲಿಯೂ ಕಟ್ಟಿಗೆಯ ಶಾಖದಲ್ಲಿ ಪಾತ್ರೆಗೆ ಸೇರುವುದು ಸಾಮಾನ್ಯವಾಗಿ ನೂರಕ್ಕೆ 10ರಿಂದ 15 ಪಾಲು ಮಾತ್ರ. ಉಳಿದುದು ಒಲೆಯ ಬಾಯಿಂದ, ಪಾತ್ರೆಯ ಸುತ್ತಿನಿಂದ, ಹೊಗೆಯ ರೂಪದಲ್ಲಿ ಹೊರಟುಹೋಗುತ್ತದೆ. ನೂರು ರೂಪಾಯಿ ಬಂಡವಾಳ ಹೂಡಿ ಹದಿನೈದು ರೂಪಾಯಿನ ಸರಕನ್ನು ಮಾತ್ರ ಮನೆಗೆ ತರುವ ವ್ಯವಹಾರವನ್ನು ಯಾವ ಗುಮಾಸ್ತನೂ ಒಪ್ಪಲಾರ. ಅಡಿಗೆಮನೆಯಲ್ಲಿ ಮಾತ್ರ ಅದು ತಲೆಮಾರುಗಳಿಂದ ನಡೆದು ಬಂದಿದೆ.

ಹೊನ್ನಾಳಿ ಸೀಮೆಯ ಗೋವಿನಕೋವಿಯಂಥ ಊರುಗಳನ್ನು ಗಮನಿಸಬಹುದು. 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದು ಅನಂತರ ದಾವಣಗೆರೆ ಜಿಲ್ಲೆಗೆ ಸೇರಿದ ಈ ಸೀಮೆಯಲ್ಲಿ ಅಡಿಕೆ, ತೆಂಗು, ಭತ್ತ, ಮೆಕ್ಕೆಜೋಳ ಎಲ್ಲವೂ ಉಂಟು. ಹೀಗಾಗಿ ಇಲ್ಲಿಯ ಒಲೆಗೆ ಮರದ ಕಟ್ಟಿಗೆಯೊಂದೇ ಅಲ್ಲ; ತೆಂಗಿನ ಗರಿ, ಕರಟ, ಅಡಿಕೆ ಸಿಪ್ಪೆ, ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು, ಕುಳ್ಳು ಎಲ್ಲವೂ ಹೋಗುತ್ತವೆ. ಅಡಿಗೆಗೆ ಗ್ಯಾಸ್ ಬಂದ ಮನೆಗಳಲ್ಲಿಯೂ ಬಚ್ಚಲ ಹಂಡೆಯ ಒಲೆ ಉಳಿದುಕೊಂಡಿರುವುದುಂಟು. ಅಡಿಕೆ ಬೇಯಿಸುವ ಕಾಲದಲ್ಲಿ ಅಂಗಳದ ದೊಡ್ಡ ಒಲೆಯೂ ಉರಿಯುತ್ತದೆ. ಅಂದಮೇಲೆ ಒಲೆಯ ವಿಚಾರವು ಮುಗಿದ ಕಾಲದ ವಿಚಾರವಲ್ಲ.

ಕಟ್ಟಿಗೆ ಹೇಗೆ ಉರಿಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ನಾವು ಕಾಣುವ ಜ್ವಾಲೆ ಕಟ್ಟಿಗೆಯ ಮೈಯಿಂದ ನೇರವಾಗಿ ಹುಟ್ಟಿದ್ದಲ್ಲ. ಕಟ್ಟಿಗೆ ಕಾದಾಗ ಮೊದಲು ಅದರ ನೀರು ಆವಿಯಾಗುತ್ತದೆ. ಆಮೇಲೆ ಅದರ ತೂಕದ ಬಹುಭಾಗ ಅನಿಲವಾಗಿ ಹೊರಬರುತ್ತದೆ. ಆ ಅನಿಲಕ್ಕೆ ಸಾಕಷ್ಟು ಗಾಳಿಯೂ ಸಾಕಷ್ಟು ಕಾವೂ ದೊರೆತರೆ ಜ್ವಾಲೆಯಾಗುತ್ತದೆ, ದೊರೆಯದಿದ್ದರೆ ಹೊಗೆಯಾಗುತ್ತದೆ. ಕಡೆಯಲ್ಲಿ ಉಳಿಯುವ ಇದ್ದಿಲು ಕೆಂಡವಾಗಿ ಮೆಲ್ಲಗೆ ಉರಿಯುತ್ತದೆ. ಆದುದರಿಂದ ಹೊಗೆಯೆಂಬುದು ಉರಿಯದೆ ಹೋದ ಕಟ್ಟಿಗೆ; ಮರವನ್ನು ಕಡಿದ ಪಾಪವನ್ನೂ ಬೆಂಕಿಯ ಪಾಪವನ್ನೂ ಹೊತ್ತು, ಅನ್ನವನ್ನು ಮಾತ್ರ ಬೇಯಿಸದೆ ಹೊರಟುಹೋದ ಕಟ್ಟಿಗೆ.

ಇಲ್ಲಿ ಧರ್ಮಭೀರುಗಳಲ್ಲಿರುವ ಒಂದು ಭ್ರಮೆಯನ್ನು ಹೇಳಲೇಬೇಕು. ಸಣ್ಣಗೆ ಹೊಗೆಯಾಡುತ್ತಿರುವ ಬೆಂಕಿಯೇ ಸೌಮ್ಯ, ಭಗಭಗನೆ ಉರಿಯುವುದು ಉಗ್ರ, ಆದ್ದರಿಂದ ಮಂದಾಗ್ನಿಯಲ್ಲಿ ಹಿಂಸೆ ಕಡಿಮೆ ಎಂಬುದು ಆ ಭಾವನೆ. ನೋಟಕ್ಕೆ ಇದು ದಯೆಯಂತೆ ತೋರುತ್ತದೆ. ವಾಸ್ತವದಲ್ಲಿ ಮಂದವಾದ ಬೆಂಕಿಯು ಹೆಚ್ಚು ಹೊತ್ತು ಇರುತ್ತದೆ, ಹೆಚ್ಚು ಕಟ್ಟಿಗೆ ತಿನ್ನುತ್ತದೆ, ಮನೆಯನ್ನು ಹೊಗೆಯಿಂದ ತುಂಬುತ್ತದೆ. ಚಿಕ್ಕದಾಗಿಯೂ ಪ್ರಖರವಾಗಿಯೂ ಉರಿದು ಕೆಲಸ ಮುಗಿಸಿ ತಣಿಯುವ ಬೆಂಕಿಯೇ ಅಲ್ಪಾರಂಭದ್ದು. ದಯೆಯು ಕಣ್ಣಿನ ತೋರಿಕೆಯನ್ನು ನಂಬಿದರೆ ಸಾಲದು, ಕಾರ್ಯಕಾರಣವನ್ನು ತಿಳಿದಿರಬೇಕು. ಜ್ಞಾನವು ಮೊದಲು, ದಯೆ ಅನಂತರ ಎಂಬ ನಮ್ಮ ಆಗಮದ ಮಾತಿಗೆ ಒಲೆಯೂ ಒಂದು ದೃಷ್ಟಾಂತ.

ಹೀಗೆಂದಾಗ ಶಾಸ್ತ್ರಜ್ಞರೊಬ್ಬರು ಆಕ್ಷೇಪಿಸಬಹುದು: ಒಂದು ಕಿಡಿಯಲ್ಲಿಯೇ ಅಸಂಖ್ಯಾತ ತೇಜಸ್ಕಾಯಿಕ ಜೀವಗಳಿರುವಾಗ ಎರಡು ಕೊಳ್ಳಿಯ ಬದಲು ಒಂದು ಕೊಳ್ಳಿ ಉರಿಸಿದರೇನು ಬಂತು? ಅಸಂಖ್ಯಾತದ ಅರ್ಧವೂ ಅಸಂಖ್ಯಾತವೇ ಅಲ್ಲವೆ? ಈ ಆಕ್ಷೇಪವನ್ನು ನಕ್ಕು ತಳ್ಳಿಹಾಕುವಂತಿಲ್ಲ. ಆದರೆ ನಮ್ಮ ಗಣಿತವೇ ಅಸಂಖ್ಯಾತವನ್ನು ಒಂದೇ ಮುದ್ದೆಯಾಗಿ ಬಿಟ್ಟಿಲ್ಲ. ಪರೀತ, ಯುಕ್ತ, ಅಸಂಖ್ಯಾತಾಸಂಖ್ಯಾತ ಎಂದು ಅದನ್ನು ಮೂರಾಗಿ ಒಡೆದು, ಒಂದೊಂದರಲ್ಲಿಯೂ ಜಘನ್ಯ, ಮಧ್ಯಮ, ಉತ್ಕೃಷ್ಟಗಳನ್ನು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ತ್ರಿಲೋಕಸಾರದಲ್ಲಿ ವಿವರಿಸಿದ್ದಾರೆ. ಎಣಿಸಲಾಗದ್ದರಲ್ಲಿಯೂ ಹೆಚ್ಚು ಕಡಿಮೆ ಉಂಟು. ಇನ್ನೊಂದು ಸಮಾಧಾನವು ಇದಕ್ಕಿಂತ ಬಲವಾದದ್ದು. ತತ್ತ್ವಾರ್ಥಸೂತ್ರಕಾರರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಗಳ ವಿಯೋಗಕ್ಕಿಂತ ಮೊದಲು ಪ್ರಮಾದವನ್ನು ಇರಿಸಿದ್ದಾರೆ. ಕುಂದಕುಂದಾಚಾರ್ಯರ ಪ್ರವಚನಸಾರದ ಅಭಿಪ್ರಾಯದಂತೆ ಎಚ್ಚರದಿಂದ ನಡೆಯುವವನಿಗೆ ಕೇವಲ ಜೀವಘಾತದಿಂದ ಬಂಧವಿಲ್ಲ. ಎಚ್ಚರಗೇಡಿಗೆ ಜೀವಘಾತವಾಗದಿದ್ದರೂ ಹಿಂಸೆ ತಪ್ಪಿದ್ದಲ್ಲ. ಹಾಗಾದರೆ ಕಟ್ಟಿಗೆಯ ತೂಕ ಸತ್ತ ಜೀವಗಳ ಸಂಖ್ಯೆಯಲ್ಲ. ಅದು ಅಡಿಗೆ ಮಾಡುವವರ, ಮಾಡಿಸುವವರ ಎಚ್ಚರದ ಅಳತೆ. ಬೂದಿಯಲ್ಲಿ ಕರಿ ಇದ್ದಿಲು ಎಷ್ಟು ಉಳಿದಿದೆ, ಅಟ್ಟದ ತೊಲೆಗೆ ಮಸಿ ಎಷ್ಟು ಹಿಡಿದಿದೆ ಎಂಬುದನ್ನು ನೋಡಿ ಆ ಮನೆಯ ಯತ್ನಾಚಾರವನ್ನು ಓದಬಹುದು.

ಕಟ್ಟಿಗೆಯ ಒಣಗಿನಿಂದಲೇ ಲೆಕ್ಕವನ್ನು ಆರಂಭಿಸಬೇಕು. ಈಗ ತಾನೆ ಕಡಿದ ಮರದಲ್ಲಿ ತೂಕದ ಸುಮಾರು ಅರ್ಧ ನೀರೇ ಇರುತ್ತದೆ. ನೂರು ಕಿಲೋ ಹಸಿ ಕಟ್ಟಿಗೆಯಲ್ಲಿ ಐವತ್ತು ಕಿಲೋ ಮರ, ಐವತ್ತು ಕಿಲೋ ನೀರು ಎಂದಿಟ್ಟುಕೊಳ್ಳೋಣ. ಆ ನೀರನ್ನು ಕಾಯಿಸಿ ಆವಿ ಮಾಡಲು ಸುಮಾರು 31 ಸಾವಿರ ಕಿಲೋಕ್ಯಾಲರಿ ಶಾಖ ಬೇಕು. ಒಂದು ಕಿಲೋ ಪೂರ್ಣ ಒಣ ಮರದಿಂದ ದೊರೆಯುವುದು ಸುಮಾರು 4,500 ಕಿಲೋಕ್ಯಾಲರಿ. ಎಂದರೆ ಐವತ್ತು ಕಿಲೋ ಮರದಲ್ಲಿ ಏಳು ಕಿಲೋದಷ್ಟು ತನ್ನದೇ ನೀರನ್ನು ಓಡಿಸಲು ಸುಟ್ಟುಹೋಯಿತು. ನಷ್ಟ ಇಷ್ಟಕ್ಕೆ ನಿಂತಿದ್ದರೆ ಸಹಿಸಬಹುದಿತ್ತು. ಆವಿಯು ಉರಿಯ ಕಾವನ್ನೇ ತಗ್ಗಿಸುವುದರಿಂದ ಉಳಿದ ಅನಿಲವೂ ಸರಿಯಾಗಿ ಉರಿಯದೆ ಹೊಗೆಯಾಗುತ್ತದೆ. ಒಡೆದು, ಮಳೆ ತಾಗದಂತೆ, ನೆಲಕ್ಕೆ ಮುಟ್ಟದಂತೆ ಗಾಳಿಯಾಡುವಲ್ಲಿ ಕೆಲವು ತಿಂಗಳು ಪೇರಿಸಿಟ್ಟರೆ ನೀರಿನಂಶ ನೂರಕ್ಕೆ 15–20ಕ್ಕೆ ಇಳಿಯುತ್ತದೆ.

ಇಲ್ಲಿ ಒಂದು ಮಾತು ವ್ಯಾಪಾರಿಗಳಿಗೆ. ತೂಕದ ಮೇಲೆ ಹಸಿ ಕಟ್ಟಿಗೆಯನ್ನು ಒಣ ಕಟ್ಟಿಗೆಯೆಂದು ಮಾರುವವನು ನೀರನ್ನು ಮರದ ಬೆಲೆಗೆ ಮಾರುತ್ತಾನೆ. ಅವನ ತಕ್ಕಡಿ ಸರಿಯಾಗಿಯೇ ಇರಬಹುದು. ಆದರೂ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತೂಕದ ಮೋಸದೊಡನೆಯೇ ಸರಕಿನ ಕಲಬೆರಕೆಯನ್ನೂ ಎಣಿಸಿರುವುದು ಸುಮ್ಮನೆ ಅಲ್ಲ. ಇನ್ನು ಇದ್ದಿಲು ಸುಡುವ, ಕಾಡು ಕಡಿಸುವ ಉದ್ಯೋಗಗಳನ್ನೇ ಖರಕರ್ಮಗಳೆಂದು ಶ್ರಾವಕನಿಗೆ ನಿಷೇಧಿಸಿದವರಿದ್ದಾರೆ. ಆ ಚರ್ಚೆ ದೊಡ್ಡದು, ಇಲ್ಲಿ ಬೇಡ.

ಒಣಗಿಸಿದ ಕಟ್ಟಿಗೆಯಿಂದ ಇನ್ನೊಂದು ಪ್ರಯೋಜನವೂ ಉಂಟು, ಮತ್ತು ಇದು ಲೆಕ್ಕಿಗನಿಗಿಂತ ಶ್ರಾವಕಿಗೆ ಮುಖ್ಯವಾದದ್ದು. ಹಸಿ ನೆಲದಲ್ಲಿ ಬಿದ್ದ ಕಟ್ಟಿಗೆಯಲ್ಲಿ ಗೆದ್ದಲು, ಇರುವೆ, ತೊಗಟೆಯ ಅಡಿಯ ಹುಳುಗಳು ಸೇರಿರುತ್ತವೆ. ಎತ್ತರದಲ್ಲಿ, ಬಿಸಿಲು ಗಾಳಿ ಆಡುವಲ್ಲಿ ಇಟ್ಟ ಕಟ್ಟಿಗೆಗೆ ಅವು ಸೇರುವುದು ಕಡಿಮೆ. ಸೇರಿದ್ದರೂ ಒಣಗುವಾಗ ಹಲವು ತಾವಾಗಿಯೇ ಹೊರಟುಹೋಗುತ್ತವೆ. ಒಲೆಗೆ ಇಡುವ ಮುನ್ನ ಒಂದೊಂದು ಕಟ್ಟಿಗೆಯನ್ನೂ ಕಣ್ಣಿಟ್ಟು ನೋಡಿ, ಮೆಲ್ಲಗೆ ತಟ್ಟಿ, ಮೃದುವಾದ ಪೊರಕೆಯಿಂದ ಒರೆಸುವ ರೂಢಿ ಹಳೆಯ ಶ್ರಾವಕರ ಮನೆಗಳಲ್ಲಿದ್ದದ್ದು ತ್ರಸಜೀವಗಳ ರಕ್ಷಣೆಗಾಗಿ. ಕಂತೆಯನ್ನೇ ಒಲೆಗೆ ತುರುಕುವವರಿಗೆ ಈ ಶೋಧನೆ ಸಾಧ್ಯವೇ ಇಲ್ಲ. ಒಂದೊಂದಾಗಿ ಇಡುವವರಿಗೆ ಅದು ತಾನಾಗಿ ಸಾಧ್ಯವಾಗುತ್ತದೆ. ಒಂದೊಂದಾಗಿ ಇಡುವುದೇ ಉರಿಯ ದೃಷ್ಟಿಯಿಂದಲೂ ಸರಿಯಾದ ಕ್ರಮ.

ಏಕೆಂದರೆ ತಣ್ಣನೆಯ ಕಟ್ಟಿಗೆ ಒಲೆಗೆ ಬಿದ್ದೊಡನೆ ಶಾಖವನ್ನು ಕೊಡುವುದಿಲ್ಲ, ತೆಗೆದುಕೊಳ್ಳುತ್ತದೆ. ನಾಲ್ಕೈದು ತುಂಡುಗಳನ್ನು ಒಮ್ಮೆಲೇ ತುಂಬಿದರೆ ಒಲೆ ತಣಿಯುತ್ತದೆ, ಗಾಳಿಯ ದಾರಿ ಮುಚ್ಚುತ್ತದೆ, ಎಲ್ಲ ತುಂಡುಗಳ ಅನಿಲವೂ ಒಟ್ಟಿಗೆ ಎದ್ದು ಉರಿಯಲು ಎಡೆಯಿಲ್ಲದೆ ದಟ್ಟ ಹೊಗೆಯಾಗುತ್ತದೆ. ಆಗ ಊದುಗೊಳವೆ ಬೇಕಾಗುತ್ತದೆ. ಕಣ್ಣಲ್ಲಿ ನೀರು ಸುರಿಸುತ್ತ ಊದುವುದರಲ್ಲಿ ವಾಯುಕಾಯಿಕ ಜೀವಗಳ ಘಾತವೂ ಸೇರಿತು. ಊದಬೇಕಾಗಿ ಬಂದದ್ದೇ ಒಲೆಗೆ ತಪ್ಪಾಗಿ ಉಣಿಸಿದ್ದರ ಗುರುತು. ಹಾಗಲ್ಲದೆ, ಹಿಂದಿನ ತುಂಡು ಜ್ವಾಲೆ ಇಳಿದು ಕೆಂಡವಾಗುತ್ತಿರುವಾಗ ಕೆಂಡವನ್ನು ಸ್ವಲ್ಪ ಹರಡಿ, ಹೆಬ್ಬೆರಳಿನಿಂದ ಎರಡು ಬೆರಳಿನಷ್ಟು ದಪ್ಪದ ಒಂದೆರಡು ಒಣ ಸೀಳುಗಳನ್ನು ಅದರ ಮೇಲೆ, ನಡುವೆ ಗಾಳಿಗೆ ಸಂದು ಬಿಟ್ಟು ಇಟ್ಟರೆ ಅವು ಕೂಡಲೆ ಹೊತ್ತಿಕೊಳ್ಳುತ್ತವೆ. ಉದ್ದನೆಯ ಕಟ್ಟಿಗೆಯಾದರೆ ತುದಿ ಮಾತ್ರ ಪಾತ್ರೆಯ ನೇರ ಕೆಳಗೆ ಉರಿಯುವಂತಿದ್ದು, ಉರಿದಷ್ಟೂ ಒಳಕ್ಕೆ ಸರಿಸುತ್ತಿರಬೇಕು. ಒಲೆಯ ಬೂದಿಯನ್ನು ದಿನವೂ ತೆಗೆಯದೆ ಬಿಟ್ಟರೆ ಕೆಳಗಿನಿಂದ ಗಾಳಿ ಬಾರದು. ತೆಂಗಿನ ಗರಿ ಹೊತ್ತಿಸಲು ಒಳ್ಳೆಯದೇ ಹೊರತು ಅದರಿಂದಲೇ ಅನ್ನ ಬೇಯಿಸಹೊರಟರೆ ಒಲೆಯ ಮುಂದಿನಿಂದ ಏಳುವಂತಿಲ್ಲ.

ಕುದಿಯ ವಿಚಾರವೂ ಇದರಷ್ಟೇ ಮುಖ್ಯ. ನೀರು ಕುದಿಯತೊಡಗಿದ ಮೇಲೆ ಎಷ್ಟು ಉರಿ ಹಾಕಿದರೂ ಅದು ಹೆಚ್ಚು ಬಿಸಿಯಾಗುವುದಿಲ್ಲ. ಆವಿ ಮಾತ್ರ ಹೆಚ್ಚಾಗುತ್ತದೆ. ಬೇಳೆಯಾಗಲಿ ಅಕ್ಕಿಯಾಗಲಿ ಬೇಗ ಬೇಯುವುದೂ ಇಲ್ಲ. ಆದ್ದರಿಂದ ಕುದಿ ಬಂದೊಡನೆ ಮುಚ್ಚಳ ಮುಚ್ಚಿ, ಹೊಸ ಕಟ್ಟಿಗೆ ಇಡುವುದನ್ನು ನಿಲ್ಲಿಸಿ, ಇದ್ದ ಕೆಂಡದಲ್ಲಿಯೇ ಬೇಯಿಸಬೇಕು. ಅನ್ನದ ತಪ್ಪಲೆಯನ್ನು ಕುದಿಯ ಮಧ್ಯದಲ್ಲಿ ಇಳಿಸಿ ಒಣ ಹುಲ್ಲು ತುಂಬಿದ ಬುಟ್ಟಿಯಲ್ಲಿ ಮುಚ್ಚಿಟ್ಟರೆ ತನ್ನ ಕಾವಿನಲ್ಲಿಯೇ ಅರಳುತ್ತದೆ.

ಭಗವತೀಸೂತ್ರದ ಏಳನೆಯ ಶತಕದಲ್ಲಿ ಕಾಲೋದಾಯಿಯು ಭಗವಾನ್ ಮಹಾವೀರರನ್ನು ಕೇಳಿದ ಒಂದು ಪ್ರಶ್ನೆ ಉಂಟು. ಶ್ವೇತಾಂಬರ ಆಗಮವಾದರೂ ಪ್ರಶ್ನೆಯು ಎಲ್ಲರದು. ಒಬ್ಬನು ಬೆಂಕಿ ಹೊತ್ತಿಸುತ್ತಾನೆ, ಇನ್ನೊಬ್ಬನು ನಂದಿಸುತ್ತಾನೆ. ಇಬ್ಬರಲ್ಲಿ ಹೆಚ್ಚಿನ ಕರ್ಮ ಯಾರಿಗೆ? ಹೊತ್ತಿಸಿದವನಿಗೆ ಎಂಬುದು ಉತ್ತರ. ನಂದಿಸುವವನು ಅಗ್ನಿಕಾಯಿಕಗಳನ್ನು ಹೆಚ್ಚಾಗಿ ಘಾತಿಸಿದರೂ, ಹೊತ್ತಿಸುವವನಿಂದ ಪೃಥ್ವೀ, ಜಲ, ವಾಯು, ವನಸ್ಪತಿ ಮತ್ತು ತ್ರಸಜೀವಗಳ ಘಾತ ಅದಕ್ಕಿಂತ ಹೆಚ್ಚು. ನಮ್ಮ ಅಡಿಗೆಮನೆಗಳಲ್ಲಿ ಈ ಪ್ರಶ್ನೆ ದಿನವೂ ಏಳುತ್ತದೆ. ಅಡಿಗೆ ಮುಗಿದ ಮೇಲೆ ಉಳಿದ ಕೊಳ್ಳಿಗೆ ನೀರೆರಚಿದರೆ ಜಲಕಾಯಿಕ, ತೇಜಸ್ಕಾಯಿಕ ಎರಡರ ಘಾತ. ಎರಚದಿದ್ದರೆ ವ್ಯರ್ಥ ಉರಿ. ಬೂದಿ ಮುಚ್ಚಿ ಬೆಳಗಿನವರೆಗೆ ಕೆಂಡ ಉಳಿಸಿದರೆ ಬೆಂಕಿಪೆಟ್ಟಿಗೆಯ ಒಂದು ಕಡ್ಡಿ ಉಳಿಯುತ್ತದೆ, ಆದರೆ ಇಡೀ ರಾತ್ರಿ ಬೆಂಕಿ ಇರುತ್ತದೆ. ಕಡ್ಡಿ ದುರ್ಲಭವಾಗಿದ್ದ ಕಾಲದ ಈ ರೂಢಿಗೆ ಈಗ ಸಮರ್ಥನೆ ಕಾಣದು. ಒಂದೊಂದಾಗಿ ಕಟ್ಟಿಗೆ ಇಡಲು ಕಲಿತವರಿಗೆ ಈ ಸಂದಿಗ್ಧವೇ ಬಾರದು. ಅನ್ನ ಇಳಿಯುವ ಹೊತ್ತಿಗೆ ಅವರ ಒಲೆಯಲ್ಲಿ ನಂದಿಸಲು ಏನೂ ಉಳಿದಿರುವುದಿಲ್ಲ.

ನೆರೆಯವರು ಕೆಂಡ ಕೇಳಿಕೊಂಡು ಬಂದರೆ? ಕೊಡಲಿ, ಖಡ್ಗ, ಗುದ್ದಲಿಗಳೊಡನೆ ಬೆಂಕಿಯನ್ನೂ ಕೊಡಕೂಡದೆಂದು ಹಿಂಸಾದಾನದ ಪ್ರಕರಣದಲ್ಲಿ ಹೇಳಿದೆ. ಇದನ್ನು ಓದಿ ಬಡ ನೆರೆಯವಳನ್ನು ಬಾಗಿಲಿಂದಲೇ ಹಿಂದಕ್ಕೆ ಕಳುಹಿಸಿ ವ್ರತ ಪಾಲಿಸಿದೆನೆಂದು ತೃಪ್ತಿಪಡುವವರನ್ನು ಏನೆನ್ನಬೇಕು! ಹದಿಮೂರನೆಯ ಶತಮಾನದ ಆಶಾಧರರು ಸಾಗಾರಧರ್ಮಾಮೃತದಲ್ಲಿ ಈ ನಿಷೇಧವನ್ನು ಪರಸ್ಪರ ದಾಕ್ಷಿಣ್ಯವಿಲ್ಲದ ಅಪರಿಚಿತರಿಗೆ ಸೀಮಿತಗೊಳಿಸಿ ವಿವೇಕ ತೋರಿಸಿದ್ದಾರೆ. ಅಡಿಗೆಗೆ ಕೆಂಡ ಕೇಳುವ ನೆರೆಯವಳು ಅಪರಿಚಿತಳಲ್ಲ.

ಇಷ್ಟರವರೆಗೂ ಏಕೇಂದ್ರಿಯಗಳ ಮಾತಾಯಿತು. ಒಲೆಯ ಮುಂದೆ ಕುಳಿತ ಪಂಚೇಂದ್ರಿಯ ಜೀವದ ಮಾತನ್ನು ಎತ್ತದಿದ್ದರೆ ಈ ಚರ್ಚೆಯೇ ಒಂದು ವಂಚನೆಯಾದೀತು. ಇಂದ್ರಿಯ ಪ್ರಾಣಗಳು ಹೆಚ್ಚಿದಷ್ಟೂ ಪೀಡೆಯ ದೋಷ ಹೆಚ್ಚೆಂಬುದು ನಮ್ಮಲ್ಲಿ ನಿರ್ವಿವಾದ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಅಕಾಲಮರಣ ಹೊಂದಿದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಶ್ವಾಸಕೋಶದ ದೀರ್ಘವ್ಯಾಧಿ, ಮಕ್ಕಳ ನ್ಯುಮೋನಿಯಾ, ಹೃದ್ರೋಗ, ಕಣ್ಣಿನ ಪೊರೆ ಇವೆಲ್ಲ ಆ ಹೊಗೆಯ ಫಲಗಳು. ಗೆಡ್ಡೆಗೆಣಸು ಮುಟ್ಟದ, ಸೂರ್ಯಾಸ್ತದ ಮೇಲೆ ತುತ್ತೆತ್ತದ ಯಜಮಾನನು ಹಜಾರದಲ್ಲಿ ಕುಳಿತು ಉಣ್ಣುತ್ತಾನೆ. ಆ ಊಟವನ್ನು ಸೂರ್ಯ ಮುಳುಗುವುದರೊಳಗೆ ಮುಗಿಸಿಕೊಡಲು ಹೊಗೆಯಲ್ಲಿ ಕೆಮ್ಮುವವಳು ಬೇರೆ. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ಅವನದು ಕಾರಿತ. ಬಸದಿಯ ಜೀರ್ಣೋದ್ಧಾರಕ್ಕೆ ಧಾರಾಳವಾಗಿ ಕೊಟ್ಟು, ಮನೆಯ ಹೊಗೆಗೂಡಿಗೆ ಹಣವಿಲ್ಲವೆನ್ನುವುದು ಯಾವ ದಾನದ ಲೆಕ್ಕದಲ್ಲಿಯೂ ಜಮೆಯಾಗದು.

ಉಪಾಯವು ನಮ್ಮ ನಾಡಿನಲ್ಲಿಯೇ ಹುಟ್ಟಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ. ಕೆ. ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಹತ್ತಿರದ ಪುರ ಗ್ರಾಮದಲ್ಲಿ ಇಂಧನ ಸಮೀಕ್ಷೆ ನಡೆಸಿದಾಗ ಹಳ್ಳಿಯ ಶಕ್ತಿಯ ಅಧಿಕಾಂಶ ಕಟ್ಟಿಗೆಯಿಂದಲೇ ಬರುತ್ತಿದ್ದುದು ಕಂಡುಬಂದಿತು. ಆ ಅನುಭವದಿಂದ 1980ರ ದಶಕದ ಆರಂಭದಲ್ಲಿ ರೂಪುಗೊಂಡದ್ದು ಅಸ್ತ್ರ ಒಲೆ. ಮೂರು ಪಾತ್ರೆಗಳಿಗೆ ಸ್ಥಳ, ಕಟ್ಟಿಗೆಯ ಕೆಳಗೆ ಜಾಲರಿ, ಬಾಯಿಗೆ ಮುಚ್ಚಳ, ಕಡೆಗೆ ಹೊಗೆ ಕೊಳವೆ. ಗಾಳಿ ಬೇಕಾದಷ್ಟೇ ಒಳಬರುತ್ತದೆ. ಹೆಚ್ಚಿದ ಗಾಳಿಯೂ ಉರಿಯನ್ನು ತಣಿಸುತ್ತದೆಂಬುದು ಹಲವರಿಗೆ ತಿಳಿಯದು. ಮೊದಲ ಪಾತ್ರೆಯನ್ನು ಮುಟ್ಟಿ ಹೋದ ಶಾಖವೇ ಎರಡನೆಯದನ್ನೂ ಮೂರನೆಯದನ್ನೂ ಕಾಯಿಸುತ್ತದೆ. ನಮ್ಮ ಅಜ್ಜಿಯರ ಕೋಡೊಲೆಯ ತತ್ತ್ವವೂ ಇದೇ. ಸರಿಯಾಗಿ ಕಟ್ಟಿ ಸರಿಯಾಗಿ ಉರಿಸಿದಲ್ಲಿ ಹಳೆಯ ಒಲೆಯ ಅರ್ಧದಷ್ಟು ಕಟ್ಟಿಗೆ ಸಾಕಾಗುತ್ತಿತ್ತು. ಆದರೆ ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ಕಾರ್ಯಕ್ರಮವು 2002ರಲ್ಲಿ ನಿಂತಿತು. ಕಟ್ಟಿದ ಒಲೆಗಳಲ್ಲಿ ಎಷ್ಟೋ ದುರಸ್ತಿಯಿಲ್ಲದೆ ಕೆಟ್ಟವು. ಕೊಳವೆಯ ಮಸಿ ತೆಗೆಯುವವರಿಲ್ಲದೆ ಹೊಗೆ ಮತ್ತೆ ಮನೆಯೊಳಕ್ಕೇ ಬಂದಿತು. ಒಲೆಯನ್ನು ಕೊಟ್ಟರು, ಅದನ್ನು ಉರಿಸುವ ಪಾಠವನ್ನು ಎಲ್ಲೆಡೆ ಕೊಡಲಿಲ್ಲ. ಕೊಳವೆಯೊಂದೇ ಇದ್ದು ಉರಿ ಕೆಟ್ಟದಾಗಿದ್ದರೆ ಆ ಹೊಗೆ ನೆರೆಮನೆಯ ಕಿಟಕಿಗೆ ಹೋದೀತಷ್ಟೆ.

2016ರ ಮೇ ತಿಂಗಳಿನಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಬಡವರ ಮನೆಗೂ ಸಿಲಿಂಡರು ಬಂದಿದೆ. ಗ್ಯಾಸಿನಲ್ಲಿ ಹಿಂಸೆಯಿಲ್ಲವೆನ್ನುವಂತಿಲ್ಲ, ತೈಲದ ಬಾವಿಯೂ ಹಡಗೂ ಶುದ್ಧೀಕರಣಾಗಾರವೂ ನಮ್ಮ ಕಣ್ಣಿಗೆ ಬೀಳವು, ಅಷ್ಟೆ. ಕಾಣದ ಹಿಂಸೆಯು ಕಾರಿತದಿಂದ ಹೊರಗಾಗುವುದಿಲ್ಲ. ಆದರೂ ಸಾಮರ್ಥ್ಯವಿರುವವನು ಶಾಸ್ತ್ರದ ನೆಪ ಹೇಳಿ ಮನೆಯ ಹೆಂಗಸರನ್ನು ಹೊಗೆಯಲ್ಲಿಯೇ ಇರಿಸುವುದು ಧರ್ಮವಲ್ಲ. ಎರಡು ದೋಷಗಳ ನಡುವೆ ಪಂಚೇಂದ್ರಿಯ ಪೀಡೆ ಎಲ್ಲಿ ಕಡಿಮೆಯೋ ಅದನ್ನು ಆರಿಸಬೇಕು. ಸಿಲಿಂಡರು ಮರಳಿ ತುಂಬಿಸುವ ಶಕ್ತಿಯಿಲ್ಲದವರಿಗೆ, ಸೊಪ್ಪುಸದೆ ತೋಟದಲ್ಲಿಯೇ ದೊರೆಯುವವರಿಗೆ ಒಲೆ ಇದ್ದೇ ಇರುತ್ತದೆ. ಅವರಿಗೆ ಮೇಲಿನ ಕ್ರಮವೆಲ್ಲ ಅನ್ವಯಿಸುತ್ತದೆ.

ಉಳಿಸಿದ ಕಟ್ಟಿಗೆಯ ಗತಿಯೇನು ಎಂಬ ಪ್ರಶ್ನೆ ಮಾತ್ರ ಉಳಿಯಿತು. ಅಡಿಗೆಯಲ್ಲಿ ಉಳಿದದ್ದು ಬಚ್ಚಲ ಹಂಡೆಗೆ ಹೋಗಿ, ಒಂದು ಕೊಡದ ಬದಲು ಮೂರು ಕೊಡ ಬಿಸಿನೀರು ಸುರಿದುಕೊಳ್ಳುವುದಾದರೆ ಅಡಿಗೆಯವಳ ಎಚ್ಚರವೆಲ್ಲ ಸ್ನಾನದವನ ಭೋಗಕ್ಕೆ ಬಂಡವಾಳವಾಯಿತು. ಭೋಗೋಪಭೋಗ ಪರಿಮಾಣವ್ರತ ತೆಗೆದುಕೊಳ್ಳುವವರು ವಸ್ತ್ರ, ತಾಂಬೂಲ, ವಾಹನಗಳ ಜತೆಗೆ ಬಿಸಿನೀರಿನ ಕೊಡಗಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು. ಅಡಿಗೆ ಮುಗಿದ ಮೇಲೆ ಉಳಿವ ಕೆಂಡದ ಕಾವಿಗಾದರೋ ಶ್ರಾವಕರ ಮನೆಯಲ್ಲಿ ಕೆಲಸ ಮೊದಲೇ ಗೊತ್ತಾಗಿದೆ. ಸೋಸಿದ ನೀರಿನ ಪಾತ್ರೆಯನ್ನು ಅನ್ನ ಬೇಯುವಾಗಲೇ ಕೋಡೊಲೆಯ ಮೇಲಿಟ್ಟು, ಅನ್ನ ಇಳಿದೊಡನೆ ಕೆಂಡದ ನೇರಕ್ಕೆ ಸರಿಸಿದರೆ, ಹೊಸ ಕಟ್ಟಿಗೆ ಒಂದನ್ನೂ ಇಡದೆ ನೀರು ಕುದಿದು ಮರುದಿನದವರೆಗಿನ ಕುಡಿಯುವ ನೀರು ಪ್ರಾಸುಕವಾಗುತ್ತದೆ.